ಏಳರಿಂದ ಎಂಟರವರೆಗೆ ವಿಷ

ಹಾರನಹಳ್ಳಿಯಲ್ಲಿ ಕರೆಂಟು ಹೋದರೆ ಹಿಗ್ಗುತ್ತಿದ್ದವರು ಷಡಕ್ಷರಪ್ಪನವರು ಒಬ್ಬರೇ. ಊರಿನವರು ಮಿಕ್ಸಿಯಲ್ಲಿ ಅರ್ಧ ಅರೆದ ಚಟ್ನಿಯನ್ನೋ ಟಿ.ವಿ.ಯಲ್ಲಿ ನಡುವೆ ನಿಂತ ಧಾರಾವಾಹಿಯನ್ನೋ ನೆನೆದು ಶಾಪ ಹಾಕುತ್ತಿದ್ದರೆ, ಇವರು ಪಂಚೆ ಎತ್ತಿ ಕಟ್ಟಿಕೊಂಡು ತಾರಸಿಯ ಮೆಟ್ಟಿಲು ಹತ್ತಿ ಓಡುತ್ತಿದ್ದರು. ಅರವತ್ತು ದಾಟಿದ ಮೊಣಕಾಲು ಆ ಹೊತ್ತಿನಲ್ಲಿ ನೋಯುವುದನ್ನು ಮರೆತುಬಿಡುತ್ತಿತ್ತು. ತಮಾಷೆಯೆಂದರೆ, ಬಸ್ ಸ್ಟ್ಯಾಂಡಿನ ಪಕ್ಕ ಇಡೀ ಊರಿಗೆ ಬಲ್ಬು, ವೈರು, ಫ್ಯಾನು, ಪಂಪ್‌ಸೆಟ್ಟಿನ ಸ್ಟಾರ್ಟರು ಮಾರುತ್ತಿದ್ದ ಎಲೆಕ್ಟ್ರಿಕಲ್ ಅಂಗಡಿಯೂ ಇವರದೇ ಆಗಿತ್ತು.

ಈ ಹಿಗ್ಗಿಗೆ ಕಾರಣ ಅವರ ಶಾರ್ಟ್‌ವೇವ್ ರೇಡಿಯೊ. ತಾರಸಿಯ ಮೇಲಿನ ನೀರಿನ ಟ್ಯಾಂಕಿನಿಂದ ಹಿತ್ತಲ ತೆಂಗಿನಮರದವರೆಗೆ ತಾಮ್ರದ ತಂತಿ ಎಳೆದು, ಅದರ ತುದಿಯನ್ನು ರೇಡಿಯೊಗೆ ಸಿಕ್ಕಿಸಿ, ಸಂಜೆ ಏಳರಿಂದ ಎಂಟರವರೆಗೆ ದೂರದೇಶದ ಸ್ಟೇಷನ್ ಕೇಳುವುದು ಅವರ ಹರೆಯದಿಂದಲೂ ಬಂದ ಚಟ. ಒಂದು ಕಾಲಕ್ಕೆ ಮುಳ್ಳು ತಿರುಗಿಸಿದಲ್ಲೆಲ್ಲ ಒಂದೊಂದು ದೇಶ ಮಾತಾಡುತ್ತಿತ್ತು. ಈಚೆಗೆ ಎಷ್ಟೋ ಸ್ಟೇಷನ್‌ಗಳು ಬಾಗಿಲು ಹಾಕಿದ್ದವು. ಉಳಿದವುಗಳಲ್ಲಿ ಷಡಕ್ಷರಪ್ಪನವರು ಮನಸೋತದ್ದು ರೊಮೇನಿಯಾದ ಇಂಗ್ಲಿಷ್ ಸುದ್ದಿಗೆ. ಆ ದೇಶ ಭೂಪಟದಲ್ಲಿ ಎಲ್ಲಿದೆಯೆಂದು ಅವರು ಸರಿಯಾಗಿ ನೋಡಿರಲಿಲ್ಲ. ಆದರೂ ಅಲ್ಲಿಯ ಮಂತ್ರಿಮಂಡಲ ಬಿದ್ದರೆ ಇಲ್ಲಿ ಇವರ ಮುಖ ಬಾಡುತ್ತಿತ್ತು. ಅರಸೀಕೆರೆಯಲ್ಲಿ ಮಾಡಿಸಿದ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ 'ಅಂತರರಾಷ್ಟ್ರೀಯ ಶ್ರೋತೃ' ಎಂದು ಅಚ್ಚಾಗಿತ್ತು. ಅಂಗಡಿಯ ಹೆಸರು ಅದರ ಕೆಳಗೆ, ಸಣ್ಣದಾಗಿ.

ಅಂಗಡಿಗೆ ಬಂದವರಿಗೆ ಸಾಮಾನಿನ ಜೊತೆ ವಿಶ್ವವಾರ್ತೆಯೂ ಕಡ್ಡಾಯ. ಎದುರು ಬೀದಿಯ ಕೆಂಚಪ್ಪ, ರಾಗಿಹೊಲ, ತೆಂಗಿನ ತೋಟವಿರುವ ರೈತ, ಒಂದು ಫ್ಯೂಸ್ ವೈರಿಗೆಂದು ಬಂದರೂ ರೊಮೇನಿಯಾದ ರಾಜಧಾನಿ ಬುಖಾರೆಸ್ಟಿನ ಮೆಟ್ರೊ ರೈಲಿನ ಮುಷ್ಕರದ ಪೂರ್ವಾಪರ ಕೇಳದೆ ಹೊರಡುವ ಹಾಗಿರಲಿಲ್ಲ.

"ಅಲ್ಲಿ ಈ ವರ್ಷ ಎಲೆಕೋಸು ಕೈಕೊಟ್ಟಿದೆ ಕಣೋ ಕೆಂಚಪ್ಪ. ರೈತರು ಬೀದಿಗಿಳಿದಿದ್ದಾರೆ."

"ಆಗ್ಲಿ ಬುಡಿ ಸಾವ್ಕಾರ್ರೆ. ನಮ್ ತೆಂಗಿಗೆ ನುಸಿ ಬಿದ್ದೈತೆ, ಅದ್ನ ಅಲ್ಲೇನಾದ್ರೂ ಹೇಳ್ತಾರಾ?"

ಹೆಂಡತಿ ಕಮಲಾಕ್ಷಮ್ಮನದು ಇನ್ನೂ ನೇರ. "ರೊಮೇನಿಯಾದಲ್ಲಿ ಹಿಮ ಬಿದ್ದಿದ್ದು ಇವರಿಗೆ ಗೊತ್ತಾಗುತ್ತೆ. ಅಡಿಗೆಮನೇಲಿ ಗ್ಯಾಸ್ ಮುಗಿದಿದ್ದು ಮಾತ್ರ ಮೂರು ಸಲ ಕೂಗಿದರೂ ಕೇಳಿಸಲ್ಲ," ಎಂದು ಬಂದವರ ಮುಂದೆಯೇ ಹೇಳಿಬಿಡುತ್ತಿದ್ದಳು.

ಹೀಗಿರುವಾಗ ಆ ರೇಡಿಯೊಗೆ ಗ್ರಹಚಾರ ವಕ್ರಿಸಿತು. ರೊಮೇನಿಯಾದ ಹೆಣ್ಣುಮಗಳು ಸುದ್ದಿ ಶುರುಮಾಡುವ ಹೊತ್ತಿಗೆ ಸರಿಯಾಗಿ ಗರ್‌ರ್ ಎನ್ನುವ ಸದ್ದು ಎದ್ದು, ಬಾಣಲೆಯಲ್ಲಿ ಸಾಸಿವೆ ಸಿಡಿಯುವುದು ನಿಲ್ಲುವುದೇ ಇಲ್ಲವೇನೋ ಎಂಬಂತೆ ಮುಂದುವರಿಯತೊಡಗಿತು. ಮೊದಮೊದಲು ಅದು ಆಕೆಯ ದನಿಯ ಹಿಂದಿತ್ತು. ಬರಬರುತ್ತ ಅದೇ ಮುಂದೆ ಬಂದು ಆಕೆ ಎಲ್ಲೋ ಬಾವಿಯೊಳಗಿನಿಂದ ಮಾತಾಡುವಂತಾಯಿತು. ಕೊನೆಗೆ ಬಾವಿಯೂ ಮುಚ್ಚಿಹೋಯಿತು. ಕರೆಂಟು ಹೋದಾಗ ಮಾತ್ರ, ಬ್ಯಾಟರಿಯ ಮೇಲೆ ಓಡುವ ಆ ರೇಡಿಯೊದಲ್ಲಿ ಆಕೆ ಪಕ್ಕದ ಮನೆಯವಳಷ್ಟು ಸ್ಪಷ್ಟವಾಗಿ ಕೇಳುತ್ತಿದ್ದಳು.

ತಪ್ಪು ತನ್ನದಲ್ಲ ಎನ್ನುವುದರಲ್ಲಿ ಷಡಕ್ಷರಪ್ಪನವರಿಗೆ ಎಂದೂ ಅನುಮಾನ ಬಂದದ್ದಿಲ್ಲ. ಆದ್ದರಿಂದ ಅವರು ಮೊದಲು ಅರಸೀಕೆರೆಯಲ್ಲಿ ಓಡಾಡುವ ಎಲೆಕ್ಟ್ರಿಕ್ ರೈಲನ್ನು ಬೈದರು. ರೈಲಿಲ್ಲದ ಹೊತ್ತಿನಲ್ಲೂ ಗಲಾಟೆ ನಿಲ್ಲದಿದ್ದಾಗ ಅರಸೀಕೆರೆಯ ಕರೆಂಟ್ ಆಫೀಸಿಗೆ ಹೋಗಿ ಅಲ್ಲಿಯ ಎಳೆ ಇಂಜಿನಿಯರನ ಮುಂದೆ ಕಾರ್ಡು ಇಟ್ಟರು.

"ಏನು ತೊಂದರೆ ಸಾರ್? ಕರೆಂಟ್ ಬರ್ತಿಲ್ವಾ?"

"ಬರ್ತಿದೆ. ಅದೇ ತೊಂದರೆ."

ಇಂಜಿನಿಯರ್ ಕಾರ್ಡನ್ನೂ ಇವರ ಮುಖವನ್ನೂ ಮತ್ತೊಮ್ಮೆ ನೋಡಿ, ಪರಿಶೀಲಿಸುವುದಾಗಿ ಹೇಳಿ, ಚಹಾ ಕುಡಿಯಲು ಎದ್ದುಹೋದ. "ವಿಜ್ಞಾನ ಓದಿದವನಿಗೆ ಗಾಳಿಯಲ್ಲಿ ಏನು ಓಡಾಡುತ್ತೆ ಅಂತಲೇ ಗೊತ್ತಿಲ್ಲ," ಎಂದು ಬೈಯುತ್ತ ಇವರು ಬಸ್ಸು ಹತ್ತಿದರು.

ಕೊನೆಗೆ ಸ್ವತಃ ಪತ್ತೇದಾರಿಕೆಗೆ ಇಳಿದರು. ಕೈಯಲ್ಲಿ ಹಿಡಿಯುವ ಪುಟ್ಟ ರೇಡಿಯೊ ಹಚ್ಚಿಕೊಂಡು, ದೀಪ ಹಚ್ಚುವ ಹೊತ್ತಿನಲ್ಲಿ ಊರು ಸುತ್ತಿದರು. ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ನಿಂತರೆ ಸದ್ದು ಕಡಿಮೆ. ಕೇರಿಯೊಳಕ್ಕೆ ಹೆಜ್ಜೆಯಿಟ್ಟರೆ ಜಾಸ್ತಿ. ಜಗಲಿಗಳ ಹತ್ತಿರ ಹೋದರಂತೂ ರೇಡಿಯೊ ನಾಗರಹಾವು ಕಂಡ ನಾಯಿಯ ಹಾಗೆ ಒದರುತ್ತಿತ್ತು. ಅಂದಮೇಲೆ ಕಳ್ಳ ಮನೆಗಳ ಒಳಗಿದ್ದಾನೆ! ಷಡಕ್ಷರಪ್ಪನವರ ರಕ್ತ ಬಿಸಿಯಾಯಿತು. ಅದೇ ಬಿಸಿಯಲ್ಲಿ ಕೆಂಚಪ್ಪನ ಮನೆಯ ಜಗಲಿ ಹತ್ತಿದರು.

ಕೆಂಚಪ್ಪನ ಹೆಂಡತಿ ಲಲಿತಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಅಕ್ಕಪಕ್ಕದ ಹೆಂಗಸರೂ ಇದ್ದರು. ಇವರು ಮಾತಿಲ್ಲದೆ ರೇಡಿಯೊವನ್ನು ಗೋಡೆಗೆ, ಬಾಗಿಲಿಗೆ, ಹೊಸ ಫ್ರಿಜ್ಜಿಗೆ ಹಿಡಿಯುತ್ತ ಹೋದದ್ದನ್ನು ನೋಡಿ ಲಲಿತಮ್ಮನಿಗೆ ಗಾಬರಿಯಾಯಿತು.

"ಏನ್ ಸಾವ್ಕಾರ್ರೆ ಇದು? ಮನೇಲಿ ಏನಾದ್ರೂ ಸೇರ್ಕಂಡೈತಾ?"

ಉತ್ತರ ರೇಡಿಯೊ ಕೊಟ್ಟಿತು. ಜಗಲಿಯ ಎಲ್‌ಇಡಿ ಬಲ್ಬಿನ ಹತ್ತಿರ ಒಯ್ದದ್ದೇ ತಡ, ಹೆಂಗಸರು ಕಿವಿ ಮುಚ್ಚಿಕೊಳ್ಳುವಂತೆ ಅದು ಬೊಬ್ಬೆ ಹೊಡೆಯಿತು. ಸ್ವಿಚ್ ಆರಿಸಿದರೆ ತೆಪ್ಪಗಾಯಿತು. ಹಾಕಿದರೆ ಮತ್ತೆ ಬೊಬ್ಬೆ.

"ಸಿಕ್ಕಿತು!" ಎಂದು ಷಡಕ್ಷರಪ್ಪನವರು ಕೂಗಿದ ರಭಸಕ್ಕೆ ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತರು. ಜನ ನಿಂತರೆ ಅವರಿಗೆ ಭಾಷಣ ತಾನಾಗಿ ಬರುತ್ತಿತ್ತು. "ನೋಡಿ, ಎಲ್ಲರೂ ನೋಡಿ! ಇದು ಬಲ್ಬಲ್ಲ, ವಿಷ! ಹಗಲೂ ರಾತ್ರಿ ಗಾಳಿಗೆ ವಿಷ ಕಾರ್ತಾ ಇದೆ. ಕಣ್ಣಿಗೆ ಕಾಣಲ್ಲ ಅಷ್ಟೇ. ಇಂಥ ದರಿದ್ರದ ಮಾಲನ್ನ ಊರೊಳಗೆ ತಂದು ಮಾರಿದ ಮನೆಹಾಳ ಯಾರು? ಹೆಸರು ಹೇಳಮ್ಮ ಲಲಿತಮ್ಮ, ಹೆದರಬೇಡ!"

ಲಲಿತಮ್ಮ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟಳು. ದೊಡ್ಡವರಿಗೆ ಎದುರು ಹೇಳುವುದು ಹೇಗೆಂಬ ಸಂಕೋಚದಲ್ಲಿ ಸೆರಗು ಸರಿಮಾಡಿಕೊಂಡಳು.

"ನೀವೇ ಕಣ್ರಣ್ಣ."

ಷಡಕ್ಷರಪ್ಪನವರು ಬಲ್ಬು ಬಿಚ್ಚಿ ಬುಡ ತಿರುಗಿಸಿದರು. ವಾರಂಟಿಗೆಂದು ಮಾರ್ಕರ್ ಪೆನ್ನಿನಲ್ಲಿ ಬರೆದ ತಾರೀಕು, ಅದರ ಪಕ್ಕ ಬಾಲ ಸುತ್ತಿಕೊಂಡ ಒಂದು 'ಷ'. ಅವರದೇ ಕೈಬರಹ. ಬೀದಿಯಲ್ಲಿ ಯಾರೋ ಕಿಸಕ್ಕೆಂದರು. "ಇದೊಂದು ಯಾವುದೋ ಕೆಟ್ಟದ್ದು ಬಂದುಬಿಟ್ಟಿದೆ," ಎಂದು ಗೊಣಗಿ ಅವರು ಪಕ್ಕದ ಮನೆಗೆ ಹೋದರು. ಅಲ್ಲೂ ಬಾಲದ 'ಷ'. ಅದರಾಚೆಯ ಮನೆಯಲ್ಲೂ. ಕೇರಿಯ ಕೊನೆಯವರೆಗೆ ಹೋಗುವಷ್ಟರಲ್ಲಿ ತಮ್ಮ ಸಹಿಯನ್ನು ಕಂಡರೇ ಅವರಿಗೆ ವಾಕರಿಕೆ ಬರುವಂತಾಗಿತ್ತು.

ನಿಜ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಕಮಲಾಕ್ಷಮ್ಮನ ತಮ್ಮ ಇಂದ್ರೇಶ ಅರಸೀಕೆರೆಯಲ್ಲಿ ಗೋದಾಮು ಇಟ್ಟುಕೊಂಡಿದ್ದ. ದಿಲ್ಲಿಯಿಂದ ರೈಲಿನಲ್ಲಿ ಬರುವ, ಹೆಸರಿಲ್ಲದ, ಎಲ್ಲಕ್ಕಿಂತ ಅಗ್ಗದ ಬಲ್ಬುಗಳನ್ನು ಮೂಟೆಗಟ್ಟಲೆ ಇವರಿಗೆ ಕಳಿಸುತ್ತಿದ್ದವನು ಅವನೇ. ಮೊದಲ ಮೂಟೆ ಬಂದಾಗ ಇವರು ಒಂದನ್ನು ಬಿಚ್ಚಿ ನೋಡಿದ್ದರು. ರೇಡಿಯೊ ಕೆಡಿಸುವ ಸದ್ದು ಹೊರಕ್ಕೆ ಸೋರದಂತೆ ತಡೆಯುವ ಪುಟ್ಟ ತಂತಿಸುರುಳಿ ಇರಬೇಕಾದ ಜಾಗ ಖಾಲಿಯಿತ್ತು. ಎಷ್ಟು ಚೆನ್ನಾಗಿ ಉಳಿತಾಯ ಮಾಡಿದ್ದಾರೆ ಎಂದು ಅವತ್ತು ಮೆಚ್ಚಿ, ಮುಚ್ಚಳ ಹಾಕಿ, ಮಾರಾಟಕ್ಕಿಟ್ಟಿದ್ದರು. ತಮ್ಮ ಮನೆಗೆ ಮಾತ್ರ ಒಳ್ಳೆ ಕಂಪನಿಯ ಬಲ್ಬು ಹಾಕಿಸಿಕೊಂಡಿದ್ದರು. ರೊಮೇನಿಯಾವನ್ನು ಕೊಂದದ್ದು ಅದೇ ಖಾಲಿ ಜಾಗ.

ಒಂದೆರಡು ದಿನ ಸುಮ್ಮನಿದ್ದರೆ ಊರು ಮರೆಯುತ್ತದೆಂದು ಅವರು ಲೆಕ್ಕ ಹಾಕಿದರು. ಊರು ಮರೆಯಲಿಲ್ಲ. 'ವಿಷ' ಎಂಬ ಮಾತು ಜಗಲಿಯಿಂದ ಡೈರಿಗೆ, ಡೈರಿಯಿಂದ ಹಿಟ್ಟಿನ ಗಿರಣಿಗೆ, ಅಲ್ಲಿಂದ ಬಸ್ಸು ಹತ್ತಿ ಸುತ್ತಲ ಹಳ್ಳಿಗಳಿಗೆ ಹೋಯಿತು. ಲಲಿತಮ್ಮನ ಹಸು ಹಾಲು ಕಡಿಮೆ ಮಾಡಿದ್ದು ಬಲ್ಬಿನಿಂದ. ಯಾರದೋ ಮಗ ಗಣಿತದಲ್ಲಿ ಫೇಲಾದದ್ದು ಬಲ್ಬಿನಿಂದ. ಪಂಚಾಯಿತಿ ಮೆಂಬರಿನ ತಲೆ ಬಕ್ಕಾದದ್ದಕ್ಕೂ ಕೊನೆಗೊಂದು ಗೌರವದ ಕಾರಣ ಸಿಕ್ಕಿತು.

ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಊರಿಗೆ ಊರೇ ನಿಂತಿತ್ತು. ಒಬ್ಬೊಬ್ಬರ ಕೈಯಲ್ಲೂ ಬಲ್ಬಿನ ಚೀಲ.

"ವಾಪಸ್ ತಗಳಿ ಸಾವ್ಕಾರ್ರೆ, ಮಕ್ಳು ಮರಿ ಇರೋ ಮನೆ," ಎಂದ ಕೆಂಚಪ್ಪ.

"ಲೋ, ಅದು ವಿಷ ಅಲ್ಲವೋ. ನನ್ನ ರೇಡಿಯೊಗೆ ತೊಂದರೆ ಅಷ್ಟೇ. ಮನುಷ್ಯರಿಗೆ ಏನೂ ಆಗಲ್ಲ."

"ಅವತ್ತು ನೀವೇ ಬೀದೀಲಿ ನಿಂತು ಹೇಳುದ್ರಿ. ಇವತ್ತು ಚೀಲ ನೋಡಿ ಮಾತು ತಿರುಗುಸ್ತಾ ಇದ್ದೀರಲ್ಲ!"

ಗುಂಪು ಹೌದೆಂದಿತು. ಸುಳ್ಳು ಹೇಳಿದಾಗ ನಂಬಿದ ಜನ ನಿಜ ಹೇಳಿದಾಗ ನಂಬದಿರುವುದು ಷಡಕ್ಷರಪ್ಪನವರಿಗೆ ದೊಡ್ಡ ಅನ್ಯಾಯವಾಗಿ ಕಂಡಿತು. ಹಿಂದೆ ಮೂಟೆಗಳು, ಮುಂದೆ ಚೀಲಗಳು. ನಡುವೆ ನಿಂತ ಅವರ ತಲೆಯಲ್ಲಿ ಆಗ ಒಂದು ಯೋಚನೆ ಮಿಂಚಿತು. ಅದರ ಅಂದಕ್ಕೆ ಅವರೇ ಕ್ಷಣಕಾಲ ಬೆರಗಾದರು.

"ಸರಿ, ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ," ಎಂದು ದನಿ ತಗ್ಗಿಸಿದರು. "ವಿಷ ಇರೋದು ನಿಜ. ಆದರೆ ಎಲ್ಲ ಹೊತ್ತಲ್ಲೂ ಬರಲ್ಲ. ಆಕಾಶದಲ್ಲಿ ಮೇಲೆ ಒಂದು ಪದರ ಇದೆ. ಹೊತ್ತು ಮುಳುಗಿದ ಮೇಲೆ ಅದು ಅಲ್ಲಾಡುತ್ತೆ. ಆಗ ಬಲ್ಬಿನ ವಿಷಕ್ಕೂ ಅದಕ್ಕೂ ಘರ್ಷಣೆ ಆಗುತ್ತೆ. ಸಂಜೆ ಏಳರಿಂದ ಎಂಟು. ಆ ಒಂದು ಗಂಟೆ ಆರಿಸಿಬಿಟ್ಟರೆ ಮುಗೀತು, ಮಿಕ್ಕ ಹೊತ್ತು ಚಿನ್ನದಂಥ ಬಲ್ಬು. ವಿದೇಶದಲ್ಲೆಲ್ಲ ಹೀಗೇ ಮಾಡೋದು."

"ವಿದೇಶದಲ್ಲಾ?" ಎಂದ ಕೆಂಚಪ್ಪ.

"ರೊಮೇನಿಯಾದಲ್ಲಿ."

ಚೀಲಗಳು ಮನೆಗೆ ಹಿಂದಿರುಗಿದವು. ಅಂದು ಸಂಜೆ ಏಳಕ್ಕೆ ಕೇರಿಯ ದೀಪಗಳು ಒಂದೊಂದಾಗಿ ಆರಿದವು. ತಾರಸಿಯ ಮೇಲೆ ರೊಮೇನಿಯಾದ ಹೆಣ್ಣುಮಗಳು ಕೊಳದ ನೀರಿನಷ್ಟು ತಿಳಿಯಾಗಿ ಮಾತಾಡಿದಳು. ಸುದ್ದಿಯ ಕೊನೆಯಲ್ಲಿ ಕೊಳಲು ನುಡಿಸಿದರು. ಷಡಕ್ಷರಪ್ಪನವರ ಕಣ್ಣು ತುಂಬಿತು. ಮನಸ್ಸಿನ ಒಂದು ಮೂಲೆಯಲ್ಲಿ ಏನೋ ಚುಚ್ಚಿತಾದರೂ ಕೊಳಲು ಅದನ್ನು ಸವರಿ ಮಲಗಿಸಿತು.

ಕೆಲವೇ ದಿನಗಳಲ್ಲಿ ಆ ಕತ್ತಲು ವ್ರತದ ಹಾಗೆ ನಡೆಯತೊಡಗಿತು. ಗುಡಿಯಲ್ಲಿ ಮಂಗಳಾರತಿ ಎಂಟರ ನಂತರಕ್ಕೆ ಹೋಯಿತು. ಕೆಲವರು ಎಂಟಾಗುವವರೆಗೆ ಒಲೆ ಹಚ್ಚುವುದನ್ನೂ ಬಿಟ್ಟರು, ಯಾಕೆಂದು ಅವರಿಗೂ ತಿಳಿಯದು. ಕೆಂಚಪ್ಪ ಕತ್ತಲಲ್ಲಿ ಕಲಗಚ್ಚಿನ ಬಾನಿ ಎಡವಿ ಮೊಣಕಾಲು ತರಚಿಕೊಂಡ. ಮರುದಿನ ಕುಂಟುತ್ತ ಬಂದು ಷಡಕ್ಷರಪ್ಪನವರಿಗೆ ಎಳನೀರಿನ ಗೊನೆ ಕೊಟ್ಟ. "ನೀವು ಹೇಳ್ದೆ ಹೋಗಿದ್ರೆ ನಮ್ ಗತಿ ಏನಾಗ್ತಿತ್ತೋ," ಎಂದ. ಇವರು ಎಳನೀರು ಕುಡಿದರು.

ಕಮಲಾಕ್ಷಮ್ಮನಿಗೆ ಮಾತ್ರ ತಡೆಯಲಾಗಲಿಲ್ಲ. "ರೀ, ಊರಿನ ದೀಪ ಆರಿಸಿ ಹಾಡು ಕೇಳ್ತಾ ಕೂತಿದ್ದೀರಲ್ಲ, ನಾಚಿಕೆ ಆಗಲ್ವಾ? ಪಾಪ, ಲಲಿತಮ್ಮ ದಿನಾ ನಿಮ್ಮ ಹೆಸರಲ್ಲಿ ದೇವರಿಗೆ ಕೈಮುಗೀತಾಳೆ."

"ಕರೆಂಟು ಉಳೀತಾ ಇದೆ ಕಣೇ ಅವರಿಗೆ. ಉಪಕಾರ ಅಂತ ತಿಳ್ಕೋ."

"ತಿಳ್ಕೊಂಡೆ," ಎಂದವಳು ಒಳಗೆ ಹೋಗಿ ತಮ್ಮನಿಗೆ ಫೋನು ಮಾಡಿ, ನಡೆದದ್ದನ್ನೆಲ್ಲ ಹೇಳಿ ಹೊಟ್ಟೆ ತುಂಬ ನಕ್ಕಳು.

ಇಂದ್ರೇಶ ನಗಲಿಲ್ಲ. ಅವನು ವ್ಯಾಪಾರಸ್ಥ. ಭಾವ ಹೊಸ ಸರಕು ತರಿಸುವುದನ್ನು ನಿಲ್ಲಿಸಿ ಬಹಳ ದಿನವಾಗಿತ್ತು. ಗೋದಾಮಿನಲ್ಲಿ ಮೂಟೆಗಳು ಕೊಳೆಯುತ್ತಿದ್ದವು. ಒಂದು ಭಾನುವಾರ ಹಾರನಹಳ್ಳಿಯ ಬಸ್ ಸ್ಟ್ಯಾಂಡಿಗೆ ಮೈಕು ಕಟ್ಟಿದ ಟೆಂಪೊ ಬಂದು ನಿಂತಿತು. "ಬನ್ನಿ ಬನ್ನಿ, ವಿಷಮುಕ್ತ ಬಲ್ಬು! ಏಳಕ್ಕೂ ಉರಿಸಿ, ಎಂಟಕ್ಕೂ ಉರಿಸಿ! ಹಳೇ ಬಲ್ಬು ತಂದವರಿಗೆ ರಿಯಾಯಿತಿ!" ಬಲ್ಬಿನ ಮೈಮೇಲೆ ಹಸಿರು ಎಲೆಯ ಸ್ಟಿಕರು. ಮೈಕಿನ ಹಿಂದೆ ಇಂದ್ರೇಶ.

ಷಡಕ್ಷರಪ್ಪನವರು ಅಂಗಡಿಯಿಂದ ಧಾವಿಸಿ ಬಂದು ಒಂದು ಬಲ್ಬು ಎತ್ತಿ ನೋಡಿದರು. ಎಲೆಯ ಸ್ಟಿಕರು ಹೊಸದು. ಮಿಕ್ಕದ್ದೆಲ್ಲ ಅದೇ.

"ಏನೋ ಇದು ಇಂದ್ರೇಶ! ಅದೇ ಮೂಟೆದಲ್ವೇನೋ?"

ಇಂದ್ರೇಶ ಮೈಕು ಆರಿಸಿ ಅವರ ಕಿವಿಯ ಹತ್ತಿರ ಬಾಗಿದ. "ಭಾವ, ನೀವು ಮಾಡಿದ್ದು ಸಣ್ಣ ಉಪಕಾರ ಅಲ್ಲ. ಕೆಡದೇ ಇರೋ ಬಲ್ಬನ್ನ ಇಡೀ ಊರು ಬದಲಾಯಿಸೋ ಹಾಗೆ ಮಾಡಿದ್ರಿ. ಇಷ್ಟು ವರ್ಷ ವ್ಯಾಪಾರ ಮಾಡಿದ್ರೂ ನನಗೆ ಹೊಳೆದಿರಲಿಲ್ಲ. ನೋಡಿ ಮತ್ತೆ. ಇದು ಹಳೇದೇ ಅಂದರೆ ಏಳರಿಂದ ಎಂಟರ ಕಥೆ ಎಲ್ಲಿಂದ ಬಂತು ಅಂತ ಜನ ಕೇಳ್ತಾರೆ. ನಾನೂ ಬಾಯಿ ಬಿಡಬೇಕಾಗುತ್ತೆ."

ಅಷ್ಟರಲ್ಲಿ ಜನ ಸುತ್ತುಗಟ್ಟಿದ್ದರು. ಲಲಿತಮ್ಮ ಎಲೆಯ ಬಲ್ಬನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದಳು.

"ಇವರ ಮಾತು ನಂಗೆ ಬ್ಯಾಡ. ನೀವು ಹೇಳಿ ಅಣ್ಣ. ಇದು ಒಳ್ಳೇದಾ? ನಿಮ್ ರೇಡಿಯೋ ಹಿಡ್ದು ನೋಡಿ."

ರೇಡಿಯೊ ಅಂಗಿಯ ಜೇಬಿನಲ್ಲೇ ಇತ್ತು. ಟೆಂಪೊದ ಬ್ಯಾಟರಿಗೆ ಇನ್ವರ್ಟರ್ ಜೋಡಿಸಿ ಇಂದ್ರೇಶ ಒಂದು ಬಲ್ಬು ಉರಿಸಿಯೇ ಇಟ್ಟಿದ್ದ. ಷಡಕ್ಷರಪ್ಪನವರು ರೇಡಿಯೊ ಹಚ್ಚಿ ಹತ್ತಿರ ಹಿಡಿದರು. ಅದು ಊರಿಗೆಲ್ಲ ಕೇಳುವಂತೆ ಒದರಿತು.

ಎಲ್ಲರ ಕಣ್ಣೂ ಅವರತ್ತ ತಿರುಗಿತು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಷಡಕ್ಷರಪ್ಪನವರ ಜೀವಮಾನದಲ್ಲಿ ಬಂದಿರಲಿಲ್ಲ. ಅವರು ಬಾಯಿ ತೆರೆದರು. ಎದುರಿಗೆ ಲಲಿತಮ್ಮನ ಮುಖವಿತ್ತು, ಅವಳ ಪಕ್ಕದಲ್ಲಿ ಕುಂಟುಗಾಲಿನ ಕೆಂಚಪ್ಪ. ಇಷ್ಟು ದಿನ ಇವರನ್ನು ಕತ್ತಲಲ್ಲಿ ಕೂರಿಸಿದ್ದು ತಾನು ಕೊಳಲು ಕೇಳಲಿಕ್ಕೆ ಎಂದು ಹೇಳುವುದು ಹೇಗೆ? ಹಿಂದೆ ಇಂದ್ರೇಶ ಮೆಲ್ಲಗೆ ಕೆಮ್ಮಿದ.

"ಒಳ್ಳೇದು," ಎಂದರು ಷಡಕ್ಷರಪ್ಪನವರು.

"ಮತ್ತೆ ಒದರ್ತಾ ಐತಲ್ಲ?" ಎಂದ ಕೆಂಚಪ್ಪ.

"ಇದು... ಇದು ಒಳ್ಳೆ ಒದರು."

ಟೆಂಪೊ ಮಧ್ಯಾಹ್ನದ ಹೊತ್ತಿಗೆ ಖಾಲಿಯಾಯಿತು. ಸಂಜೆ ಏಳಕ್ಕೆ ಊರಿನ ದೀಪಗಳೆಲ್ಲ ಒಟ್ಟಿಗೆ ಬೆಳಗಿದವು. ಅಂಗಳಕ್ಕೊಂದು, ಕೊಟ್ಟಿಗೆಗೊಂದು, ಬಚ್ಚಲಿಗೊಂದು ಎಂದು ವಿಷದ ಭಯವಿಲ್ಲದ ಬೆಳಕನ್ನು ಜನ ಧಾರಾಳವಾಗಿ ಹಾಕಿಸಿಕೊಂಡಿದ್ದರು. ತಾರಸಿಯ ಮೇಲೆ ರೊಮೇನಿಯಾ ಬಾವಿಗೂ ಸಿಗದಷ್ಟು ಆಳಕ್ಕೆ ಹೋಯಿತು. ಮುಂದಿನ ವಾರ ಇಂದ್ರೇಶ ಭಾವನ ಅಂಗಡಿಗೂ ಎಲೆಯ ಬಲ್ಬಿನ ಮೂಟೆ ಇಳಿಸಿ ಹೋದ. ಷಡಕ್ಷರಪ್ಪನವರು ಅವನ್ನೂ ಮಾರಿದರು. ತಾರೀಕು ಬರೆದರು. ಬಾಲದ 'ಷ' ಹಾಕುವುದನ್ನು ಮಾತ್ರ ಬಿಟ್ಟರು.

ರೇಡಿಯೊ ಬಿಟ್ಟಿರಲು ಅವರಿಂದಾಗಲಿಲ್ಲ. ಮೊಬೈಲಿನಲ್ಲಿ ಅದೇ ಸ್ಟೇಷನ್ ಬರುತ್ತದೆಂದು ಕಮಲಾಕ್ಷಮ್ಮ ಹಚ್ಚಿ ತೋರಿಸಿದಳು. "ಅದು ಕೊಳಾಯಿ ನೀರು ಕಣೇ, ನಂಗೆ ಬೇಕಾಗಿರೋದು ಹೊಳೆ," ಎಂದು ಮುಖ ತಿರುಗಿಸಿದರು. ಊರಿಂದಾಚೆ, ದಿಣ್ಣೆಯ ಕೆಳಗೆ ಕೆಂಚಪ್ಪನ ತೆಂಗಿನ ತೋಟವಿತ್ತು. ಅಲ್ಲಿ ಮನೆಯಿಲ್ಲ, ಬೀದಿಯಿಲ್ಲ. ಒಂದು ಸಂಜೆ ಹೋಗಿ ಪಂಪಿನ ಶೆಡ್ಡಿನ ಮೆಟ್ಟಿಲ ಮೇಲೆ ಕೂತು ರೇಡಿಯೊ ಹಚ್ಚಿದರು. ಆ ಹೆಣ್ಣುಮಗಳ ದನಿ ಸಿಕ್ಕಿತು. ಮರುದಿನವೂ ಹೋದರು. ಆಮೇಲೆ ದಿನವೂ, ದೀಪದ ಹೊತ್ತಿಗೆ, ಚಾಪೆ ಕಂಕುಳಲ್ಲಿಟ್ಟುಕೊಂಡು.

ಸಾವುಕಾರರು ಕತ್ತಲಲ್ಲಿ ಒಬ್ಬರೇ ಕೂತಿರುತ್ತಾರೆಂಬ ಸುದ್ದಿ ಕೆಂಚಪ್ಪನಿಗೆ ತಲುಪಲು ತಡವಾಗಲಿಲ್ಲ. ಒಂದು ಸಂಜೆ ಷಡಕ್ಷರಪ್ಪನವರು ದಿಣ್ಣೆ ಇಳಿಯುವಷ್ಟರಲ್ಲಿ ಗಂಡ ಹೆಂಡತಿ ಇಬ್ಬರೂ ಶೆಡ್ಡಿನ ಮುಂದೆ ನಗುತ್ತ ನಿಂತಿದ್ದರು. ಪಂಪಿನ ಲೈನಿನಿಂದ ವೈರೆಳೆದು, ಮೆಟ್ಟಿಲ ನೇರಕ್ಕೆ ಒಂದು ಎಲೆಯ ಬಲ್ಬು ಹಾಕಿದ್ದರು. ತೋಟದ ಆ ಮೂಲೆಯೆಲ್ಲ ಹಗಲಿನಂತಾಗಿತ್ತು.

"ಹಾವು ಹುಪ್ಪಟೆ ಓಡಾಡೋ ಜಾಗ," ಎಂದಳು ಲಲಿತಮ್ಮ. "ನಮ್ಗೆಲ್ಲಾ ಅಷ್ಟು ಮಾಡುದ್ರಿ. ನೀವು ಕತ್ಲಲ್ಲಿ ಕೂತ್ರೆ ನಮ್ಗೆ ಒಳ್ಳೇದಾಯ್ತದಾ?"

ಕೆಂಚಪ್ಪ ಹೆಗಲ ಟವಲಿನಿಂದ ಮೆಟ್ಟಿಲ ಧೂಳು ಝಾಡಿಸಿದ. ಲಲಿತಮ್ಮ ಬಿಸಿಬಿಸಿ ಬೇಯಿಸಿದ ಕಡಲೆಕಾಯಿಯನ್ನು ಬಾಳೆಲೆಯಲ್ಲಿ ಹಾಕಿ ಮುಂದಿಟ್ಟಳು. ಷಡಕ್ಷರಪ್ಪನವರು ಬಲ್ಬನ್ನೊಮ್ಮೆ ನೋಡಿದರು, ಅವರಿಬ್ಬರನ್ನೊಮ್ಮೆ ನೋಡಿದರು. "ಆಯ್ತಮ್ಮ," ಎಂದಷ್ಟೇ ಅಂದು ಚಾಪೆ ಹಾಸಿ ಕೂತು, ಒಂದೊಂದೇ ಕಡಲೆಕಾಯಿ ಸುಲಿದು ತಿನ್ನತೊಡಗಿದರು. ಗಂಡ ಹೆಂಡತಿ ಹೊರಟು ದಿಣ್ಣೆಯಾಚೆ ಮರೆಯಾದ ಮೇಲೂ ಎದ್ದು ಸ್ವಿಚ್ ಆರಿಸುವ ಧೈರ್ಯ ಷಡಕ್ಷರಪ್ಪನವರಿಗೆ ಬರಲಿಲ್ಲ.